ಹಿತ್ತಲಿಗೆ ಬರುವ ನರಿಗೆ ಕಾಯಿಲೆಯಿದೆಯೇ? ಮೈಸೂರು, ಮಂಡ್ಯದ ಕಡೆಯಿಂದ ಬ್ರಿಟನ್ನಿಗೆ ಬಂದವರಿಗೆ

ಮಂಡ್ಯದ ಕಬ್ಬಿನ ಗದ್ದೆಗಳ ಕಡೆಯಿಂದ ಇರುಳು ಕೇಳಿಬರುವ ನರಿಯ ಊಳು ಬಲ್ಲವರಿಗೂ, ಮೈಸೂರಿನ ಬಡಾವಣೆಗಳಲ್ಲಿ ಬೀದಿನಾಯಿಗಳನ್ನಷ್ಟೇ ಕಂಡವರಿಗೂ, ಲಂಡನ್ನಿನ ಬಾಡಿಗೆ ಮನೆಯ ಹಿತ್ತಲಿನಲ್ಲಿ ಕೆಂಪು ನರಿಯೊಂದು ಹಾಡಹಗಲೇ ಬಿಸಿಲಿಗೆ ಮೈಯೊಡ್ಡಿ ಮಲಗಿರುವುದು ಸಹಜವೆಂದು ತೋರುವುದಿಲ್ಲ. ಬೆಳಗ್ಗೆ ನರಿಯ ಮುಖ ನೋಡಿದರೆ ಅದೃಷ್ಟವೆಂದು ನಂಬುವ ನಮ್ಮ ಹಿರಿಯರೇ, ಮಕ್ಕಳ ಮನೆಗೆಂದು ಇಲ್ಲಿಗೆ ಬಂದಾಗ, ಆ ನರಿಗೆ ಹುಚ್ಚು ಹಿಡಿದಿರಬೇಕೆಂದು ಬಾಗಿಲು ಹಾಕಿಕೊಳ್ಳುವುದುಂಟು.

ನಮ್ಮ ಊರಿನಲ್ಲಿ ಆ ಭಯಕ್ಕೆ ಕಾರಣವಿದೆ, ಇಲ್ಲಿ ಇಲ್ಲ. ಬ್ರಿಟನ್ನಿನ ಪ್ರಾಣಿಗಳಲ್ಲಿ ರೇಬಿಸ್ 1922ರಲ್ಲೇ ನಿರ್ಮೂಲವಾಯಿತು, ಅದಕ್ಕೆ ಹತ್ತಿರದ ವೈರಾಣು ಈಗ ಕೆಲವು ಬಾವಲಿಗಳಲ್ಲಿ ಮಾತ್ರ ಇದೆ. ಜರ್ಮನಿಯೂ ನರಿಗಳಿಗೆ ಲಸಿಕೆ ತುಂಬಿದ ತಿನಿಸನ್ನು ಕಾಡಿನಲ್ಲಿ ಚೆಲ್ಲಿ, 2008ರಲ್ಲಿ ರೇಬಿಸ್‌ಮುಕ್ತವಾಯಿತು. ಆದರೆ ಅಮೆರಿಕ ಮತ್ತು ಕೆನಡಾದ ನರಿಗಳಲ್ಲಿ ಈ ರೋಗ ಇನ್ನೂ ಇರುವುದರಿಂದ, ಅಲ್ಲಿರುವ ನೆಂಟರಿಗೆ ಈ ಬರಹವನ್ನು ಹಾಗೆಯೇ ಕಳುಹಿಸಬೇಡಿ. ಅಲ್ಲಿ ತೂರಾಡುವ ನರಿಯನ್ನು ಕಂಡರೆ ಒಳಗೆ ಹೋಗಿ ಸ್ಥಳೀಯ ಪ್ರಾಣಿ ನಿಯಂತ್ರಣ ವಿಭಾಗಕ್ಕೆ ತಿಳಿಸುವುದೇ ಸರಿ.

ಹಗಲಿನಲ್ಲಿ ಓಡಾಡುವುದಾಗಲಿ, ನಮ್ಮನ್ನು ಕಂಡೂ ಕದಲದಿರುವುದಾಗಲಿ ತನ್ನಷ್ಟಕ್ಕೆ ಕಾಯಿಲೆಯ ಲಕ್ಷಣವಾಗುವುದಿಲ್ಲ, ಏಕೆಂದರೆ ಪಟ್ಟಣದ ನರಿಗೆ ಮನುಷ್ಯರು ಅಭ್ಯಾಸವಾಗಿರುತ್ತಾರೆ. ಮಾರ್ಚ್ ತಿಂಗಳ ಸುಮಾರಿಗೆ ಮರಿ ಹಾಕುವ ಹೆಣ್ಣು ನರಿ ಬೇಸಿಗೆಯ ಹೊತ್ತಿಗೆ ಬಡಕಲಾಗಿರುತ್ತದೆ, ಮರಿಗಳಿಗೆ ಆಹಾರ ಹುಡುಕುತ್ತ ಹಗಲೆಲ್ಲ ಅಲೆಯುತ್ತದೆ. ಏಪ್ರಿಲ್ ಸುಮಾರಿಗೆ ಚಳಿಗಾಲದ ತುಪ್ಪಳ ಉದುರತೊಡಗಿ, ಬೇಸಿಗೆಯುದ್ದಕ್ಕೂ ಮೈಯೆಲ್ಲ ಕಿತ್ತುಹೋದಂತೆ ಕಾಣುತ್ತದೆ. ಇನ್ನು ಜನವರಿಯ ನಡುರಾತ್ರಿಯ ಚೀರಾಟ, ಎಷ್ಟೇ ಭೀಕರವೆನಿಸಿದರೂ, ಬೆದೆಯ ಕಾಲದ ಕೂಗು.

ನಿಜವಾಗಿ ಗಮನಿಸಬೇಕಾದದ್ದು ಚರ್ಮವನ್ನು. ನಮ್ಮ ಬೀದಿನಾಯಿಗಳನ್ನು ಕಾಡುವಂಥದ್ದೇ ಕಜ್ಜಿ ಇಲ್ಲಿನ ನರಿಗಳನ್ನೂ ಕಾಡುತ್ತದೆ. ಸಾರ್ಕಾಪ್ಟಿಸ್ ಎಂಬ ಅತಿ ಸಣ್ಣ ನುಸಿ ಚರ್ಮವನ್ನು ಕೊರೆದು ಒಳಗೆ ಮೊಟ್ಟೆಯಿಡುವುದರಿಂದ ಅದು ಬರುತ್ತದೆ. ಸಾಮಾನ್ಯವಾಗಿ ಬಾಲದ ಬುಡ ಮತ್ತು ಹಿಂಗಾಲುಗಳಲ್ಲಿ ಆರಂಭವಾಗಿ ಬೆನ್ನಿನ ಮೇಲೆ ಹರಡುತ್ತ ಮುಖದವರೆಗೆ ಬರುತ್ತದೆ. ಕೂದಲು ಉದುರುವ ಕಾಲದ ನರಿಗೂ ಕಜ್ಜಿ ಹಿಡಿದ ನರಿಗೂ ಇರುವ ವ್ಯತ್ಯಾಸವನ್ನು ಕಿಟಕಿಯಿಂದಲೇ ಗುರುತಿಸಬಹುದು: ಮೊದಲನೆಯದರಲ್ಲಿ ಉದುರಿದ ಜಾಗದಲ್ಲಿ ಗಿಡ್ಡನೆಯ ಹೊಸ ಕೂದಲು ಕಾಣುತ್ತದೆ, ಎರಡನೆಯದರಲ್ಲಿ ಬರಿಯ ಚರ್ಮವೂ ಅದರ ಮೇಲೆ ದಪ್ಪನೆಯ ಹಕ್ಕಳೆಯೂ ಕಾಣುತ್ತವೆ, ಪೊದೆಯಂತಿದ್ದ ಬಾಲ ಇಲಿಯ ಬಾಲದಂತಾಗಿರುತ್ತದೆ. ಒಂದು ಕಡೆ ಕುಳಿತುಕೊಳ್ಳಲೂ ಆಗದೆ ಕೆರೆದುಕೊಳ್ಳುತ್ತ ತನ್ನನ್ನೇ ಕಚ್ಚಿಕೊಳ್ಳುವುದು, ಕಣ್ಣುಗಳು ಹಕ್ಕಳೆಯಿಂದ ಮುಚ್ಚಿಕೊಳ್ಳುವುದು ರೋಗ ಬಲಿತಿರುವುದರ ಗುರುತುಗಳು. 1994ರಲ್ಲಿ ಬ್ರಿಸ್ಟಲ್ ನಗರಕ್ಕೆ ಈ ಕಜ್ಜಿ ಕಾಲಿಟ್ಟ ಮೇಲೆ ಎರಡೇ ವರ್ಷಗಳಲ್ಲಿ ಅಲ್ಲಿನ ನರಿಗಳಲ್ಲಿ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಸತ್ತುಹೋದವು. ನರಿಯ ನುಸಿ ಮನುಷ್ಯರ ಚರ್ಮದಲ್ಲಿ ನೆಲೆಯೂರುವುದಿಲ್ಲ, ಕೆಲವು ದಿನ ತುರಿಕೆ ತರಬಹುದಷ್ಟೆ. ಸಾಕುನಾಯಿಗೆ ಮಾತ್ರ ಸುಲಭವಾಗಿ ಅಂಟುವುದರಿಂದ, ಅದು ಕೆರೆದುಕೊಳ್ಳತೊಡಗಿದರೆ ಪಶುವೈದ್ಯರ ಬಳಿ ಒಯ್ಯಬೇಕು.

ಚರ್ಮದ ನಂತರ ನಡಿಗೆ. ಕುಂಟುವ ನರಿಗಳು ಇಲ್ಲಿ ಬಹಳ, ಅವುಗಳಲ್ಲಿ ಹೆಚ್ಚಿನವು ತಮ್ಮ ಪಾಡಿಗೆ ಬದುಕುತ್ತವೆ. ಆದರೆ ಒಂದೇ ಕಡೆಗೆ ಸುತ್ತು ಹಾಕುವ, ತಲೆ ವಾಲಿಸಿಕೊಂಡು ತೂರಾಡುವ, ನೊಣ ಮುತ್ತಿದರೂ ಏಳದ, ಅಥವಾ ಹತ್ತಿರ ಹೋದರೂ ಅರಿವಿಲ್ಲದಂತೆ ನಿಂತಿರುವ ನರಿಗೆ ಸಹಾಯ ಬೇಕು. ಕಾರು ಬಡಿದು ತಲೆಗೆ ಆದ ಪೆಟ್ಟು, ಮಿದುಳಿಗೆ ತಗಲುವ ಟಾಕ್ಸೊಪ್ಲಾಸ್ಮಾದಂಥ ಸೋಂಕು, ಇಲಿಪಾಷಾಣ ತಿಂದ ಇಲಿಯನ್ನು ತಿಂದಿರುವುದು, ಹೀಗೆ ಕಾರಣ ಯಾವುದಾದರೂ ಇರಬಹುದು. ಅದನ್ನು ನಿರ್ಧರಿಸುವುದು ನಮ್ಮ ಕೆಲಸವಲ್ಲ.

ನಮ್ಮ ಕೆಲಸವೆಂದರೆ ಒಳಗಿನಿಂದಲೇ ಮೊಬೈಲಿನಲ್ಲಿ ವಿಡಿಯೋ ತೆಗೆದು, ಯಾವ ಹೊತ್ತಿಗೆ ಎಲ್ಲಿ ಬರುತ್ತದೆ, ಯಾವ ಕಾಲು ನೆಲಕ್ಕೆ ತಾಗುವುದಿಲ್ಲ ಎಂಬುದನ್ನು ಬರೆದಿಟ್ಟುಕೊಂಡು ತಿಳಿಸುವುದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪ್ರಾಣಿ ರಕ್ಷಣೆಯ ಸಂಸ್ಥೆಯಾದ ಆರ್‌ಎಸ್‌ಪಿಸಿಎ, ಸ್ಕಾಟ್ಲೆಂಡಿನಲ್ಲಿ ಸ್ಕಾಟಿಷ್ ಎಸ್‌ಪಿಸಿಎ, ಕೆಂಟ್ ಮತ್ತು ಆಗ್ನೇಯ ಲಂಡನ್ನಿನ ಕಡೆ ಫಾಕ್ಸ್ ಪ್ರಾಜೆಕ್ಟ್ ಎಂಬ ಸಂಸ್ಥೆ ಇವೆ. ಕೌನ್ಸಿಲ್ಲಿಗೆ ಫೋನು ಮಾಡಿ ಕಾಯುವವರು ನಮ್ಮಲ್ಲಿ ಹೆಚ್ಚು, ಆದರೆ ನರಿಗಳ ವಿಷಯದಲ್ಲಿ ಅದಕ್ಕೆ ಕಾನೂನಿನ ಹೊಣೆಯಿಲ್ಲ. ಹೊದಿಕೆ ಎಸೆದು ಹಿಡಿಯಲು ಹೋಗಬೇಡಿ. ಕಚ್ಚುವುದಲ್ಲದೆ, ಹಿಡಿದ ಕ್ಷಣದಿಂದ 2006ರ ಪ್ರಾಣಿ ಕಲ್ಯಾಣ ಕಾಯಿದೆಯಂತೆ ಅದರ ಯೋಗಕ್ಷೇಮ ನಿಮ್ಮದಾಗುತ್ತದೆ.

ಉಳಿದ ಅನ್ನವನ್ನೋ ಬಾಡೂಟದ ಮೂಳೆಗಳನ್ನೋ ಹಿತ್ತಲಿಗೆ ಸುರಿಯುವ ಅಭ್ಯಾಸವನ್ನು ಬಿಡುವುದು ಒಳ್ಳೆಯದು, ಹಲವು ನರಿಗಳು ಒಂದೆಡೆ ಸೇರಿದಷ್ಟೂ ಕಜ್ಜಿ ಹರಡುವುದು ಸುಲಭ. ಪಿತೃಪಕ್ಷದಲ್ಲಿ ಕಾಗೆಗೆಂದು ಇಟ್ಟ ಎಡೆಯನ್ನು ಕತ್ತಲಾಗುವ ಮೊದಲು ತೆಗೆದುಬಿಡಿ. ಕನಿಕರದಿಂದ ಕಜ್ಜಿಯ ಔಷಧಿಯನ್ನು ತಂದು ಕೋಳಿಮಾಂಸದಲ್ಲಿ ಬೆರೆಸಿ ಇಡುವವರೂ ಇದ್ದಾರೆ. ವೈದ್ಯರ ಸಲಹೆಯಿಲ್ಲದೆ ಅದು ಖಂಡಿತ ಕೂಡದು: ಎಷ್ಟು ಪ್ರಮಾಣ ಯಾವ ನರಿಯ ಹೊಟ್ಟೆ ಸೇರಿತೆಂದು ತಿಳಿಯುವುದಿಲ್ಲ, ಮತ್ತು ಕಜ್ಜಿಗೆ ಬಳಸುವ ಐವರ್ಮೆಕ್ಟಿನ್ ಎಂಬ ಔಷಧಿ ಕುರಿ ಕಾಯುವ ‘ಕಾಲಿ’ (collie) ಜಾತಿಯ ಅನೇಕ ನಾಯಿಗಳಿಗೆ ಹುಟ್ಟಿನಿಂದಲೇ ಒಗ್ಗದಿರುವುದರಿಂದ, ನೆರೆಮನೆಯ ನಾಯಿ ಬೇಲಿ ನುಸುಳಿ ಬಂದು ಆ ತುಂಡನ್ನು ತಿಂದರೆ ಅದರ ಪ್ರಾಣಕ್ಕೇ ಕುತ್ತು ಬರಬಹುದು.