ಐಬಿಎಂನ ಎಎಸ್400 ಕಂಪ್ಯೂಟರ್‌ನಲ್ಲಿ ಬ್ಯಾಚ್ ಜಾಬ್ (ಹಿನ್ನೆಲೆಯಲ್ಲಿ ಓಡುವ ಕೆಲಸ) ಏನಾಯ್ತು ಅಂತ ಪ್ರೋಗ್ರಾಂನಿಂದಲೇ ತಿಳಿಯೋದು ಹೇಗೆ?

ಸಬ್ಮಿಟ್ ಮಾಡಿದ ಜಾಬ್ ಮುಗಿಯಿತಾ, ಇನ್ನೂ ಕ್ಯೂನಲ್ಲೇ ಕೂತಿದೆಯಾ ಅಂತ ವರ್ಕ್‌ಆಕ್ಟ್‌ಜಾಬ್ ಅನ್ನೋ, ಓಡುತ್ತಿರುವ ಜಾಬ್‌ಗಳ ಪಟ್ಟಿಯ ಸ್ಕ್ರೀನ್ ತೆರೆದುಕೊಂಡು ಸುಮ್ನೆ ಎಫ್5 (ರಿಫ್ರೆಶ್) ಒತ್ತುತ್ತಾ ಕೂರುವವರಿಗೆ ಇದು. ಆ ಕೆಲಸ ಪ್ರೋಗ್ರಾಂ ಮಾಡಲಿ.

ಮೊದಲು ಜಾಬ್‌ನ ಪೂರ್ತಿ ಹೆಸರು ಕೈಗೆ ಸಿಗಬೇಕು. 6 ಅಂಕಿಯ ನಂಬರ್, ಯೂಸರ್, ಜಾಬ್ ಹೆಸರು, ಮೂರೂ ಬೇಕು. ಬರೀ ಜಾಬ್ ಹೆಸರು ನಂಬಿದರೆ ಕೆಟ್ಟಿರಿ, ಯಾಕಂದ್ರೆ ನಿನ್ನೆ ಓಡಿದ ಅದೇ ಹೆಸರಿನ ಜಾಬ್ ಸ್ಪೂಲ್ ಫೈಲ್ (ಉಳಿದಿರುವ ಪ್ರಿಂಟ್ ಔಟ್‌ಪುಟ್) ಇಟ್ಟುಕೊಂಡು ಇನ್ನೂ ಸಿಸ್ಟಮ್‌ನಲ್ಲೇ ಇರಬಹುದು. ಆರ್‌ಟಿವಿಜಾಬ್‌ಎ ಅನ್ನೋ, ಜಾಬ್ ವಿವರ ತರುವ ಕಮಾಂಡ್ ಇದೆಯಲ್ಲ ಅಂತೀರಾ? ಅದು ತಾನು ಓಡುತ್ತಿರುವ ಜಾಬ್ ಬಗ್ಗೆ ಮಾತ್ರ ಹೇಳುತ್ತದೆ, ಬೇರೆಯದ್ದು ಅದಕ್ಕೆ ಗೊತ್ತಿಲ್ಲ.

ದಾರಿ ಇಷ್ಟೇ. ಸಿಎಲ್ (ಎಎಸ್400ನ ಕಮಾಂಡ್ ಭಾಷೆ) ಪ್ರೋಗ್ರಾಂನಲ್ಲಿ, ಜಾಬ್ ಸಬ್ಮಿಟ್ ಮಾಡುವ ಎಸ್‌ಬಿಎಂಜಾಬ್ ಆದ ಕೂಡಲೇ, ಮಧ್ಯೆ ಇನ್ನೊಂದು ಕಮಾಂಡ್ ತೂರಿಸದೆ, ಮೆಸೇಜ್ ಪಡೆಯುವ ಆರ್‌ಸಿವಿಎಂಎಸ್‌ಜಿ ಹಾಕಿ. ಮೆಸೇಜ್ ಟೈಪ್ ಸ್ಟಾರ್ ಕಾಂಪ್ (*COMP, ಕೆಲಸ ಆಯಿತೆಂಬ ಮೆಸೇಜ್) ಕೊಡಿ, ಮೆಸೇಜ್ ಡೇಟಾವನ್ನು ಒಂದು ವೇರಿಯಬಲ್‌ಗೆ ತೆಗೆದುಕೊಳ್ಳಿ. ಬರುವುದು ಸಿಪಿಸಿ1221, ಅಂದರೆ ಜಾಬ್ ಸಬ್ಮಿಟ್ ಆಯಿತೆಂಬ ಮೆಸೇಜ್. ಆ ಡೇಟಾದಲ್ಲಿ 1ರಿಂದ 10ನೇ ಅಕ್ಷರ ಜಾಬ್ ಹೆಸರು, 11ರಿಂದ 20 ಯೂಸರ್, 21ರಿಂದ 26 ನಂಬರ್. ಸ್ಕ್ರೀನ್ ಮೇಲೆ ನಂಬರ್ ಮೊದಲು ಕಾಣುತ್ತೆ, ಇಲ್ಲಿ ಅದು ಕೊನೆಗೆ, ಅಷ್ಟು ನೆನಪಿರಲಿ.

ಆ 26 ಅಕ್ಷರಗಳನ್ನು ಹಾಗೇ ಕ್ಯುಯುಎಸ್‌ಆರ್‌ಜಾಬ್‌ಐ ಅನ್ನೋ ಎಪಿಐಗೆ (ಜಾಬ್ ಮಾಹಿತಿ ಕೊಡುವ ಸಿಸ್ಟಮ್ ಪ್ರೋಗ್ರಾಂಗೆ) ಕೊಡಬಹುದು, ಅದೂ ಇದೇ ಕ್ರಮದಲ್ಲಿ ಕೇಳುತ್ತದೆ. ಸ್ಟೇಟಸ್ ಸ್ಟಾರ್ ಜಾಬ್‌ಕ್ಯೂ ಅಂತ ಬಂದರೆ ಇನ್ನೂ ಸರದಿ ಬಂದಿಲ್ಲ. ಸ್ಟಾರ್ ಆಕ್ಟಿವ್ ಅಂದರೆ ಶುರುವಾಗಿದೆ. ಸ್ಟಾರ್ ಔಟ್‌ಕ್ಯೂ ಅಂದರೆ ಮುಗಿದಿದೆ, ಪ್ರಿಂಟ್ ಔಟ್‌ಪುಟ್ ಮಾತ್ರ ಉಳಿದಿದೆ. ಜಾಬ್ ಸಿಗಲೇ ಇಲ್ಲ ಅಂದ್ರೆ ಸಿಪಿಎಫ್3ಸಿ53 ಅನ್ನೋ ಎರರ್ ಮೆಸೇಜ್ ಬರುತ್ತದೆ, ಅದನ್ನು ಹಿಡಿಯಲು ಒಂದು ಮಾನಿಟರ್ ಹಾಕಿಡಿ.

ಆಕ್ಟಿವ್ ಅಂತ ಬಂತು, ಸರಿ, ಆದರೆ ಅಷ್ಟಕ್ಕೇ ನೆಮ್ಮದಿಯಾಗಿರಬೇಡಿ. ಅದೇ ಎಪಿಐನಿಂದ ಜಾಬಿ0200 ಅನ್ನೋ ಫಾರ್ಮ್ಯಾಟ್‌ನಲ್ಲಿ ಮಾಹಿತಿ ಕೇಳಿದರೆ ಒಳಗಿನ ಸ್ಥಿತಿಯೂ ಬರುತ್ತದೆ, ಅಲ್ಲಿ ಎಂಎಸ್‌ಜಿಡಬ್ಲ್ಯು ಅಂತಿದ್ದರೆ ಜಾಬ್ ಯಾರದ್ದೋ ಉತ್ತರಕ್ಕೆ ಕಾಯುತ್ತಾ ನಿಂತಿದೆ ಅಂತ ಅರ್ಥ, ಯಾರೂ ಉತ್ತರ ಕೊಡದಿದ್ದರೆ ಬೆಳಗಿನವರೆಗೂ ಹಾಗೇ ನಿಂತಿರುತ್ತದೆ. ನನ್ನ ಪ್ರಕಾರ ಅಲರ್ಟ್ ಕಳಿಸಬೇಕಾದದ್ದು ಇದಕ್ಕೇ.

ಆಫ್‌ಸೆಟ್ ಲೆಕ್ಕ (ಯಾವ ಸ್ಥಾನದಲ್ಲಿ ಯಾವ ಮಾಹಿತಿ ಅನ್ನೋದು) ಬೇಜಾರು ಅಂದ್ರೆ ಎಸ್‌ಕ್ಯುಎಲ್ ಇದೆ. ಕ್ಯುಸಿಸ್2 ಲೈಬ್ರರಿಯ ಆಕ್ಟಿವ್ ಜಾಬ್ ಇನ್ಫೋ ಫಂಕ್ಷನ್‌ಗೆ ಸಬ್‌ಸಿಸ್ಟಮ್ ಫಿಲ್ಟರ್‌ನಲ್ಲಿ ಕ್ಯುಬ್ಯಾಚ್ (ಬ್ಯಾಚ್ ಜಾಬ್‌ಗಳು ಓಡುವ ಸಬ್‌ಸಿಸ್ಟಮ್) ಕೊಟ್ಟರೆ ಅಲ್ಲಿ ಓಡುತ್ತಿರುವುದೆಲ್ಲ ಸಾಲಾಗಿ ಬರುತ್ತದೆ. ಕ್ಯೂನಲ್ಲಿ ಕಾಯುತ್ತಿರುವುದು ಅದರಲ್ಲಿ ಕಾಣಲ್ಲ. ಅದಕ್ಕೆ ಜಾಬ್ ಇನ್ಫೋ ಫಂಕ್ಷನ್ ಬಳಸಿ, ಯೂಸರ್ ಫಿಲ್ಟರ್‌ಗೆ ಸ್ಟಾರ್ ಆಲ್ ಕೊಡಿ, ಇಲ್ಲದಿದ್ದರೆ ನಿಮ್ಮ ಜಾಬ್‌ಗಳಷ್ಟೇ ಬರುತ್ತವೆ.

ಮುಗಿದು ಮಾಯವಾದ ಜಾಬ್ ಬೇಕಾದರೆ ಹಿಸ್ಟರಿ ಲಾಗ್‌ನಲ್ಲಿ ಸಿಪಿಎಫ್1164 (ಜಾಬ್ ಮುಗಿಯಿತೆಂಬ ಮೆಸೇಜ್) ಹುಡುಕಿ, ಎಂಡ್ ಕೋಡ್ 0 ಇದ್ದರೆ ಸರಿಯಾಗಿ ಮುಗಿದಿದೆ.