ದಿನದ ಕೆಲಸದ ನಡುವೆಯೇ ಮೈಂಡ್‌ಫುಲ್‌ನೆಸ್: ಎಲ್ಲಿಂದ ಶುರು ಮಾಡಬೇಕು, ಎಲ್ಲಿ ತಪ್ಪುತ್ತದೆ

‘ಮನಸ್ಸು ನಿಲ್ಲುವುದೇ ಇಲ್ಲ’ ಎನ್ನುವುದು ಮೈಂಡ್‌ಫುಲ್‌ನೆಸ್ ಅನ್ನು, ಅಂದರೆ ಈ ಕ್ಷಣದಲ್ಲಿ ನಡೆಯುತ್ತಿರುವುದರ ಮೇಲೆ ಗಮನವಿಡುವ ಅಭ್ಯಾಸವನ್ನು, ಬಿಟ್ಟವರ ಬಾಯಲ್ಲಿ ಹೆಚ್ಚಾಗಿ ಕೇಳಿಬರುವ ದೂರು. ಮನಸ್ಸನ್ನು ನಿಲ್ಲಿಸುವುದು ಇಲ್ಲಿನ ಕೆಲಸವೇ ಅಲ್ಲ. ಗಮನವನ್ನು ಒಂದು ಕಡೆ ಇಡಬೇಕು, ಅದು ಜಾರಿದ್ದು ಗೊತ್ತಾದಾಗ ಬೈದುಕೊಳ್ಳದೆ ವಾಪಸ್ ತರಬೇಕು, ಅಷ್ಟೇ. ಐದು ನಿಮಿಷದಲ್ಲಿ ಮೂವತ್ತು ಸಲ ಜಾರಿ ಮೂವತ್ತು ಸಲ ಮರಳಿದರೆ ಮೂವತ್ತು ಸಲ ಅಭ್ಯಾಸ ಆಯಿತೆಂದೇ ಲೆಕ್ಕ. ಜಾರುವುದು ನಿಮ್ಮೊಬ್ಬರ ದೋಷವೂ ಅಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರಾದ ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 2,250 ವಯಸ್ಕರನ್ನು ಫೋನ್ ಮೂಲಕ ದಿನದ ನಡುನಡುವೆ ವಿಚಾರಿಸಲಾಗಿತ್ತು. ಸುಮಾರು ಶೇ. 47ರಷ್ಟು ಸಲ ಅವರ ಮನಸ್ಸು ಮಾಡುತ್ತಿದ್ದ ಕೆಲಸದಲ್ಲಿ ಇರಲಿಲ್ಲ.

1979ರಲ್ಲಿ ಜಾನ್ ಕಬಾಟ್-ಜಿನ್ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಆರಂಭಿಸಿದ ಮೈಂಡ್‌ಫುಲ್‌ನೆಸ್ ತರಬೇತಿ 8 ವಾರಗಳದ್ದು. ಮನೆಯಲ್ಲಿ ದಿನಕ್ಕೆ ಮುಕ್ಕಾಲು ಗಂಟೆಯಷ್ಟು ಕೂರುವ ನಿರೀಕ್ಷೆಯೂ ಅದರಲ್ಲಿತ್ತು. ಅಷ್ಟು ಸಮಯ ಸಿಕ್ಕರೆ ಒಳ್ಳೆಯದೇ. ಸಿಗದವರು ಹೊಸ ಸಮಯ ಹುಡುಕುವುದಕ್ಕಿಂತ, ಹೇಗೂ ಮಾಡುವ ಕೆಲಸವೊಂದಕ್ಕೆ ಅಭ್ಯಾಸವನ್ನು ಅಂಟಿಸುವುದು ಮೇಲು.

ಆ ಕೆಲಸ ದಿನಾ ತಪ್ಪದೆ ಬರಬೇಕು, ಒಂದರಿಂದ ಮೂರು ನಿಮಿಷದಲ್ಲಿ ಮುಗಿಯಬೇಕು, ಕೈಗೆ ಕೆಲಸ ಕೊಡಬೇಕು, ಅದರಲ್ಲಿ ಪರದೆ ಇರಬಾರದು. ಹಲ್ಲುಜ್ಜುವುದು, ಕೈ ತೊಳೆಯುವುದು, ಬಟ್ಟೆ ಮಡಿಸುವುದು ಸರಿಹೋಗುತ್ತವೆ. ಮೊದಲ ವಾರ ಒಂದೇ ಕೆಲಸ ಸಾಕು. ಉತ್ಸಾಹದಲ್ಲಿ ನಾಲ್ಕನ್ನು ಆರಿಸಿಕೊಂಡರೆ ಮೂರನೇ ದಿನಕ್ಕೆ ನಾಲ್ಕೂ ಮರೆತುಹೋಗಿರುತ್ತವೆ.

ಹಲ್ಲುಜ್ಜುವುದನ್ನೇ ತೆಗೆದುಕೊಳ್ಳಿ. ಬ್ರಷ್ ಕೈಗೆತ್ತಿಕೊಂಡದ್ದೇ ಸೂಚನೆ. ಮೊದಲು ಪಾದ ನೆಲಕ್ಕೆ ತಾಗಿರುವುದನ್ನು ಗಮನಿಸಿ. ಬಳಿಕ ಎಳೆಗಳು ಈಗ ಯಾವ ಹಲ್ಲಿನ ಮೇಲಿವೆ, ಸದ್ದು ಹೇಗಿದೆ, ರುಚಿ ನಾಲಿಗೆಯ ಯಾವ ಭಾಗಕ್ಕೆ ತಾಗುತ್ತಿದೆ, ಭುಜ ಸುಮ್ಮನೆ ಬಿಗಿದುಕೊಂಡಿದೆಯೇ ಎಂದು ಒಂದೊಂದಾಗಿ ನೋಡಿ. ಅಷ್ಟರಲ್ಲಿ ನಾಳೆಯ ಕೆಲಸ ತಲೆಗೆ ಬರುತ್ತದೆ. ಬಂದದ್ದು ತಿಳಿದ ಕೂಡಲೇ ಮನಸ್ಸಿನಲ್ಲೇ ‘ಯೋಚನೆ’ ಎಂದು ಒಂದೇ ಪದದಲ್ಲಿ ಗುರುತು ಹಾಕಿ ಬ್ರಷ್‌ಗೆ ಮರಳಿ. ಗುರುತು ವಾಕ್ಯವಾಗಬಾರದು. ‘ಛೆ, ಮತ್ತೆ ಅದನ್ನೇ ಯೋಚಿಸಿದೆ’ ಎಂದುಕೊಂಡರೆ ಅದೂ ಇನ್ನೊಂದು ಯೋಚನೆಯೇ.

ಎರಡನೇ ವಾರ ಹತ್ತು ಉಸಿರಿನ ಎಣಿಕೆ ಸೇರಿಸಿ. ವಿಶ್ರಾಂತಿಯಲ್ಲಿರುವ ವಯಸ್ಕರು ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ, ಹಾಗಾಗಿ ಇದಕ್ಕೆ ಒಂದು ನಿಮಿಷವೂ ಹಿಡಿಯದು. ಉಸಿರು ಹೊರಹೋಗುವಾಗ ಎಣಿಸಿ, ಲೆಕ್ಕ ತಪ್ಪಿದರೆ ಒಂದರಿಂದ ಶುರು ಮಾಡಿ. ಬೇಕೆಂದೇ ಆಳವಾಗಿ, ಬೇಗಬೇಗ ಎಳೆದುಕೊಳ್ಳುವುದು ಇಲ್ಲಿನ ದೊಡ್ಡ ತಪ್ಪು. ಅದರಿಂದ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ತಲೆ ಹಗುರಾಗುತ್ತದೆ, ಬೆರಳು ಜುಮ್ಮೆನ್ನುತ್ತದೆ. ಅದನ್ನು ಧ್ಯಾನದ ಅನುಭವವೆಂದು ಖುಷಿಪಡುವವರೂ ಇದ್ದಾರೆ! ಉಸಿರು ಹೇಗಿದೆಯೋ ಹಾಗೇ ಇರಲಿ.

ಒಂದು ಕೆಲಸ ಮುಗಿದು ಇನ್ನೊಂದಕ್ಕೆ ಹೋಗುವಾಗ ಮೂರು ನಿಮಿಷದ ಬಿಡುವು ಚೆನ್ನಾಗಿ ಒದಗುತ್ತದೆ. ಮೊದಲ ನಿಮಿಷ ಈಗ ಯಾವ ಯೋಚನೆ, ಯಾವ ಭಾವ, ಮೈಯಲ್ಲಿ ಎಲ್ಲಿ ಬಿಗಿತ ಎಂದು ನೋಡಿ. ಎರಡನೆಯದರಲ್ಲಿ ಹೊಟ್ಟೆಯ ಏರಿಳಿತ ಮಾತ್ರ. ಮೂರನೆಯದರಲ್ಲಿ ಗಮನವನ್ನು ಇಡೀ ಮೈಗೆ ಹರಡಿ. ಗಡಿಯಾರ ನೋಡುತ್ತ ಕೂರಬೇಕಿಲ್ಲ, ಅಂದಾಜು ಸಾಕು.

ಕೆಲವರಿಗೆ ಉಸಿರನ್ನು ಗಮನಿಸಿದಷ್ಟೂ ಕಳವಳ ಹೆಚ್ಚುತ್ತದೆ. ಅವರು ಪಟ್ಟು ಹಿಡಿಯಬಾರದು. ಕಣ್ಣು ತೆರೆದಿಟ್ಟು ಗಮನವನ್ನು ಅಂಗಾಲಿಗೋ ಹೊರಗಿನ ಸದ್ದಿಗೋ ವರ್ಗಾಯಿಸಿದರೆ ಸಾಕು. ಹಳೆಯ ಆಘಾತದ ನೆನಪು ನುಗ್ಗಿ ಬರುತ್ತಿದ್ದರೆ ಅಭ್ಯಾಸ ನಿಲ್ಲಿಸಿ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಬೇಕು. ಖಿನ್ನತೆಗೆ ಔಷಧಿ ತೆಗೆದುಕೊಳ್ಳುತ್ತಿರುವವರು ಇದನ್ನು ನಂಬಿ ಮಾತ್ರೆ ಬಿಡಬಾರದು. ತೂಕಡಿಕೆ ಬಂದರೆ ಎದ್ದು ನಿಂತು ಮಾಡಿ. ವಾಹನ ಓಡಿಸುವಾಗ ಉಸಿರನ್ನೂ ಮೈಯನ್ನೂ ಗಮನಿಸಲು ಹೋಗಬೇಡಿ, ಅಲ್ಲಿ ರಸ್ತೆಯೇ ಗಮನದ ವಸ್ತು.

ಮೊದಲ ದಿನಗಳಲ್ಲಿ ಗಲಿಬಿಲಿ ಹೆಚ್ಚಾದಂತೆ ಅನ್ನಿಸುವುದುಂಟು. ಅನೇಕ ಸಲ ಮೊದಲಿನಿಂದಲೂ ಇದ್ದದ್ದು ಈಗ ಕಣ್ಣಿಗೆ ಬೀಳುತ್ತಿರುತ್ತದೆ. ಹಾಗೆಯೇ, ಶಾಂತಿ ಸಿಕ್ಕಿತೇ ಎಂದು ಪ್ರತಿ ಸಲ ಪರೀಕ್ಷಿಸಿಕೊಳ್ಳುವುದು ವ್ಯರ್ಥ. ಕೋಪ ಬಂದಾಗ ದವಡೆ ಬಿಗಿದದ್ದು ಗೊತ್ತಾಯಿತೆಂದರೆ ಅಭ್ಯಾಸ ನಡೆಯುತ್ತಿದೆ.

ಎಲ್ಲಕ್ಕಿಂತ ಕಷ್ಟದ್ದು ಮಾತುಕತೆ, ಅದನ್ನು ಕೊನೆಗಿಟ್ಟುಕೊಳ್ಳಿ. ಎದುರಿನವರು ಮಾತಾಡುತ್ತಿರುವಾಗ ನಾವು ಒಳಗೆ ಉತ್ತರ ಹೊಸೆಯುತ್ತಿರುತ್ತೇವೆ. ಹೊಸೆಯುತ್ತಿರುವುದು ತಿಳಿದಾಗ ಅಂಗಾಲನ್ನು ಒಮ್ಮೆ ನೆನೆದು ಅವರ ದನಿಗೆ ಮರಳಿ, ಅವರು ಮುಗಿಸಿದ ಮೇಲೆ ಒಂದು ಉಸಿರಿನಷ್ಟು ತಡೆದು ಮಾತಾಡಿ. ದಿನಕ್ಕೆ ಒಂದು ಮಾತುಕತೆಯಲ್ಲಿ ಇಷ್ಟು ಮಾಡಿದರೂ ಸಾಕು.

ಕೆಲವು ವಾರಗಳಲ್ಲಿ ಬ್ರಷ್ ಹಿಡಿದದ್ದೂ ಯಾಂತ್ರಿಕವಾಗುತ್ತದೆ, ಸೂಚನೆ ಕಂಡರೂ ಗಮನ ಏಳುವುದಿಲ್ಲ. ಆಗ ಬ್ರಷ್ ಹಿಡಿಯುವ ಕೈ ಬದಲಿಸಿ, ಅದೂ ಹಳತಾದರೆ ಬೇರೊಂದು ಕೆಲಸ ಆರಿಸಿಕೊಳ್ಳಿ.