ಮೂರು ಪಂಚಾಯತಿಗೆ ಒಂದೇ ಜೀಪು: ನಾವು ನಡೆಸಿದ ರೀತಿ

ಗಡಿ ಬದಿಯ ಮೂರು ಪಂಚಾಯತು, ಎರಡು ಆರೋಗ್ಯ ಕೇಂದ್ರ, ಬುದ್ಧಿಮಾಂದ್ಯ ಮಕ್ಕಳ ಒಂದು ಬಡ್ಸ್ ಶಾಲೆ, ಹೆಂಗಸರ ಸ್ವಸಹಾಯ ಸಂಘಗಳ ಕುಟುಂಬಶ್ರೀ, ಮತ್ತೆ ಹಾಸಿಗೆ ಹಿಡಿದವರನ್ನು ಮನೆಗೇ ಹೋಗಿ ನೋಡಿಕೊಳ್ಳುವ ಪಾಲಿಯೇಟಿವ್ ಸ್ವಯಂಸೇವಕರು. ಇಷ್ಟು ಮಂದಿ ಒಂದು ಮೇಜಿನ ಸುತ್ತ ಕೂತು, ರೋಗಿಗಳ ಮನೆಗೆ ಹೋಗುವ ಜೀಪು, ಅವರಿಗೆ ಕೊಡುವ ಹಾಸಿಗೆ ಎಲ್ಲದರ ನಿರ್ಧಾರ ಮಾಡುವುದು ಎಂದಾಗ ಕಾಸರಗೋಡಿನಲ್ಲಿ ನಕ್ಕವರೇ ಹೆಚ್ಚು. ಆರು ತಿಂಗಳಲ್ಲಿ ಮುಚ್ಚುತ್ತದೆ ಎಂದಿದ್ದರು. ಈಗ ನಾಲ್ಕನೇ ವರ್ಷ. ನಕ್ಕವರಲ್ಲಿ ಇಬ್ಬರು ನಮ್ಮ ರಿಜಿಸ್ಟರಿನ ನಮೂನೆ ಕೇಳಿಕೊಂಡು ಬಂದಿದ್ದಾರೆ.

ಮುಗ್ಗರಿಸಿದ್ದು ದುಡ್ಡಿನಲ್ಲಿ. ಜಂಟಿ ಖಾತೆ ತೆರೆದು ಎಲ್ಲರೂ ಅದಕ್ಕೆ ಹಾಕುವುದು ಎಂಬ ಯೋಚನೆ ಇತ್ತು. ಪಂಚಾಯತಿನ ಯೋಜನಾ ಹಣ ಹಾಗೆಲ್ಲ ಹೊರಗಿನ ಖಾತೆಗೆ ಇಳಿಯುವುದಿಲ್ಲ. ಆ ಯೋಜನೆಯ ನಿರ್ವಹಣಾಧಿಕಾರಿ ಆರೋಗ್ಯ ಕೇಂದ್ರದ ಮೆಡಿಕಲ್ ಆಫೀಸರ್. ಬಿಲ್ಲಿಗೆ ಸಹಿ ಅವರದು, ಆಡಿಟಿಗೆ ಉತ್ತರ ಕೊಡಬೇಕಾದವರೂ ಅವರೇ. ಮಾರ್ಚಿನಲ್ಲಿ ಟ್ರೆಷರಿಯಲ್ಲಿ ಬಿಲ್ಲುಗಳ ಸಾಲು ಬೇರೆ. ಜೀಪಿನ ಬಾಡಿಗೆ ಸುಮಾರು 38,000 ರೂಪಾಯಿ ಬಾಕಿಯಾಗಿ, ಚಾಲಕ ಕೀಲಿಕೈ ಮೇಜಿನ ಮೇಲಿಟ್ಟು ಹೋದ.

ಆಮೇಲೆ ಜಂಟಿ ಖಾತೆ ಬಿಟ್ಟೆವು. ದುಡ್ಡು ಅವರವರ ಕಿಸೆಯಲ್ಲೇ ಇರಲಿ, ಹಂಚಿಕೊಳ್ಳುವುದು ದಿನವನ್ನು. ಸೋಮವಾರ, ಮಂಗಳವಾರ ಜೀಪಿನ ಖರ್ಚು ಒಂದು ಪಂಚಾಯತಿನದ್ದು, ಗುರುವಾರ ಇನ್ನೊಂದರದ್ದು, ಶುಕ್ರವಾರ ಮೂರನೆಯದ್ದು, ಶನಿವಾರ ಸ್ವಯಂಸೇವಕರ ಖರ್ಚು. ಬಿಲ್ಲು ಆಯಾ ಪಂಚಾಯತಿನ ಯೋಜನೆಯಲ್ಲೇ ಹೋಗುತ್ತದೆ. ಒಬ್ಬರ ದಿನದಲ್ಲಿ ಇನ್ನೊಬ್ಬರ ರೋಗಿಯ ಮನೆಗೆ ಹೋಗಬೇಕಾಗಿ ಬಂದರೆ ಕಿಲೋಮೀಟರು ಬರೆದಿಟ್ಟು, ತಿಂಗಳ ಕೊನೆಗೆ ಅರ್ಧ ದಿನವನ್ನೋ ಒಂದು ದಿನವನ್ನೋ ಅದಲುಬದಲು ಮಾಡುತ್ತೇವೆ. ನಮ್ಮ ಹಣ ಅವರ ವಾರ್ಡಿಗೆ ಯಾಕೆ ಹೋಯಿತು ಎಂಬ ಆಡಿಟ್ ಪ್ರಶ್ನೆ ಅಲ್ಲಿಗೆ ನಿಂತಿತು. ಬಿಲ್ಲು ತಡವಾದಾಗ ಡೀಸಲಿಗೆ ಸ್ವಯಂಸೇವಕರ ಕೈಯಲ್ಲಿ ಸುಮಾರು 15,000ದ ಗಂಟು ಇದೆ. ಅದು ಅಡಿಕೆ ಕೊಯ್ಲಿನ ಹೊತ್ತಿಗೆ ಎದ್ದ ದುಡ್ಡು. ಹೇಗೆ ಎತ್ತುತ್ತೇವೆಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಪಕ್ಕದವರೂ ಅದೇ ಮನೆಗಳ ಜಗಲಿ ಹತ್ತುತ್ತಾರೆ.

ಮೇಜಿನಲ್ಲಿ 11 ಕುರ್ಚಿ. ಪಾಲಿಯೇಟಿವ್ ನರ್ಸ್ ಒಬ್ಬರು, ಆಶಾ ಇಬ್ಬರು ಇಲ್ಲದಿದ್ದರೆ, ಅಧ್ಯಕ್ಷರುಗಳೆಲ್ಲ ಬಂದಿದ್ದರೂ ಕೋರಂ ಇಲ್ಲ. ಬುಧವಾರ ಸಭೆ ಇಡಬಾರದು, ಅದು ಚುಚ್ಚುಮದ್ದಿನ ದಿನ. ಜೂನ್, ಜುಲೈಯಲ್ಲಿ ಮಳೆ ಬಿಟ್ಟ ದಿನವೂ ಇಡಬಾರದು, ಸ್ವಯಂಸೇವಕರೆಲ್ಲ ತೋಟದಲ್ಲಿ ಅಡಿಕೆಗೆ ಬೋರ್ಡೋ ಮದ್ದು ಬಿಡುತ್ತಿರುತ್ತಾರೆ. ಅಧ್ಯಕ್ಷತೆ ಮೂರು ತಿಂಗಳಿಗೊಮ್ಮೆ ಪಂಚಾಯತಿನಿಂದ ಪಂಚಾಯತಿಗೆ ತಿರುಗುತ್ತದೆ. ನಡಾವಳಿ ಬರೆಯುವವರನ್ನು ಮಾತ್ರ ತಿರುಗಿಸಬೇಡಿ. ನಾವು ತಿರುಗಿಸಿ ಮೂರು ಸಭೆಗಳ ಪುಟ ಕಳೆದುಕೊಂಡೆವು.

ಭಾಷೆಯದ್ದು ಬೇರೆಯೇ ಮಂಡೆಬಿಸಿ. 1969ರ ಅಧಿಕೃತ ಭಾಷಾ ಕಾಯ್ದೆಯಂತೆ ಕೇರಳದ ಕಚೇರಿಗೆ ಕನ್ನಡದಲ್ಲೇ ಬರೆಯಬಹುದು, ಆದರೆ ಬಿಲ್ಲಿನ ಜೊತೆ ಹೋಗುವ ನಿರ್ಣಯ ಮಲಯಾಳದಲ್ಲಿದ್ದರೆ ಬೇಗ ಸರಿಯುತ್ತದೆ. ಹಾಗಾಗಿ ಫೈಲಿಗೆ ಮಲಯಾಳ, ಎದ್ದು ಹೋಗುವ ಮೊದಲು ಕನ್ನಡದಲ್ಲಿ ಓದಿ ಹೇಳುವುದು. ಒಮ್ಮೆ ರೋಗಿಗಳ ಪಟ್ಟಿಯಲ್ಲಿ ತುರ್ತಿನವರ ಎದುರು ‘ಅವಸರ’ ಎಂದು ಬರೆದಿದ್ದೆವು. ಮಲಯಾಳದಲ್ಲಿ ಅವಸರವೆಂದರೆ ಅವಕಾಶ. ಸರದಿಯಲ್ಲಿ ಅವಕಾಶ ಸಿಕ್ಕಾಗ ಹೋದರೆ ಸಾಕು ಎಂದು ಅರ್ಥಮಾಡಿಕೊಂಡು, ಕ್ಯಾಥೆಟರ್ ಕಟ್ಟಿಕೊಂಡಿದ್ದ ಅಜ್ಜನನ್ನು ಮುಂದಿನ ವಾರಕ್ಕೆ ಹಾಕಿದ್ದರು. ಈಗ ತುರ್ತಿಗೆ ಕೆಂಪು ಚುಕ್ಕಿ, ಅಕ್ಷರವೇ ಇಲ್ಲ.

ಪಟ್ಟಿ ಒಂದಾಗಿಸಿದ್ದೇ ದೊಡ್ಡ ಕೆಲಸ. ಎಂಡೋಸಲ್ಫಾನ್ ಕೀಟನಾಶಕದಿಂದ ತೊಂದರೆಗೊಳಗಾದವರ ಪಟ್ಟಿಯ ಮಗುವೇ ಪಾಲಿಯೇಟಿವ್ ಪಟ್ಟಿಯಲ್ಲಿ, ಅದೇ ಬಡ್ಸ್ ಶಾಲೆಯ ಹಾಜರಿಯಲ್ಲಿ. ಒಂದೇ ವಾರ ಮೂರು ತಂಡ ಹೋಗಿ, ಮತ್ತೆ ತಿಂಗಳು ಯಾರೂ ಇಲ್ಲ. ಮೂರೂ ಸೇರಿ 410ರಷ್ಟು ಹೆಸರಿದ್ದದ್ದು ಜರಡಿ ಹಿಡಿದ ಮೇಲೆ 290ಕ್ಕೆ ಇಳಿಯಿತು. ಹೆಸರಿನಿಂದ ಹುಡುಕಿದರೆ ಆಗುವುದಿಲ್ಲ, ಒಂದೇ ಹೆಸರು ಮೂರು ಥರ ಬರೆದಿರುತ್ತಾರೆ. ಮನೆ ನಂಬರಿನಿಂದ ಹಿಡಿಯಬೇಕು. ಮಂಗಳೂರಿನಿಂದ ಮದ್ದು ತರಿಸುವವರಿಗೆ ಬೇರೆ ಕಾಲಂ ಇಟ್ಟಿದ್ದೇವೆ. 2020ರಲ್ಲಿ ಕೋವಿಡ್ ಹೊತ್ತಿಗೆ ತಲಪಾಡಿ ಗಡಿಯಲ್ಲಿ ರಸ್ತೆ ಮುಚ್ಚಿದ್ದನ್ನು ಕಂಡವರಿಗೆ ಕಾರಣ ಹೇಳಬೇಕಾಗಿಲ್ಲ.

ಮಲಗಿದಲ್ಲೇ ಇರುವವರಿಗೆ ಬೆನ್ನು ಹುಣ್ಣಾಗದಂತೆ ಹಾಸುವ ಗಾಳಿ ಹಾಸಿಗೆ, ಅಂದರೆ ಏರ್‌ಬೆಡ್, ಅದನ್ನು ಖರೀದಿಸಿದ ಪಂಚಾಯತಿನ ಸ್ಟಾಕ್ ರಿಜಿಸ್ಟರಿನಲ್ಲೇ ಇರುತ್ತದೆ, ಎಲ್ಲಿ ಹೋಗಬೇಕೆಂದು ಮೇಜು ಹೇಳುತ್ತದೆ. ಮೂರು ಸಹಿಯ ಚೀಟಿ, ಹಾಸಿಗೆಯ ಅಂಚಿಗೆ ನಂಬರು. ಹಾಕಿ ಬಂದರೆ ಸಾಲದು. ಗುಡ್ಡೆ ಮೇಲಿನ ಮನೆಗಳಲ್ಲಿ ಸಂಜೆ ಓಲ್ಟೇಜ್ ಬಿದ್ದು ಮೋಟಾರು ಗುಂಯ್ ಎನ್ನುತ್ತದೆ, ಗಾಳಿ ತುಂಬುವುದಿಲ್ಲ. ಕೊಳವೆ ಮಂಚದ ಕಾಲಿಗೆ ಮಡಚಿದರೂ ಅದೇ ಕತೆ. ಮೇಲೆ ದಪ್ಪ ಕಂಬಳಿ ಹಾಸಿದರೆ ಹಾಕಿಯೂ ಒಂದೇ, ಹಾಕದೆಯೂ ಒಂದೇ; ತೆಳು ಬಟ್ಟೆ ಸಾಕು. ಸೊಂಟದ ಕೆಳಗೆ, ಹಾಸಿಗೆಯ ಅಡಿಯಿಂದ ಕೈ ತೂರಿಸಿ ನೋಡಬೇಕು: ಕೈಗೂ ಮೂಳೆಗೂ ನಡುವೆ ಒಂದು ಇಂಚಾದರೂ ಗಾಳಿ ಇರಬೇಕು. ರೋಗಿ ತೀರಿಕೊಂಡ ಮನೆಯಿಂದ ವಾಪಸು ತರುವುದು ಕೊಟ್ಟವರ ಕೆಲಸವಲ್ಲ. ನೆರೆಯ ಕುಟುಂಬಶ್ರೀ ಸದಸ್ಯೆ ಕೇಳಿದರೆ ಬೇಜಾರಿಲ್ಲದೆ ಬರುತ್ತದೆ.

ಹಾಸಿಗೆ ಏಳು, ಕೇಳುವವರು ಇಪ್ಪತ್ತು. ಕೈ ಎತ್ತಿಸಿದರೆ ಡಾಕ್ಟರರ ಎದುರು, ಅಧ್ಯಕ್ಷರ ಎದುರು ಆಶಾದವರ ಕೈ ಏಳುವುದಿಲ್ಲ. ವಾಟ್ಸಾಪಿನಲ್ಲಿ ಮತ ಕೇಳಿದೆವು, ಹೆಬ್ಬೆರಳು ಬಿಟ್ಟು ಬೇರೇನೂ ಬರಲಿಲ್ಲ. ಕೊನೆಗೆ ಪ್ರತಿ ರೋಗಿಯ ನಂಬರಿಗೊಂದು ಮುಚ್ಚಳದ ಡಬ್ಬಿ, ತಲೆಗೆ ಐದು ಹುಣಸೆ ಬೀಜ, ಮುಚ್ಚಳದ ತೂತಿನಿಂದ ಹಾಕುವುದು. ಮೊದಲ ಸಲ ಎಲ್ಲರೂ ಸ್ವಂತ ವಾರ್ಡಿನ ಡಬ್ಬಿಗೇ ಸುರಿದರು. ಕನಿಷ್ಠ ಮೂರು ಬೀಜ ಬೇರೆ ಪಂಚಾಯತಿನ ಡಬ್ಬಿಗೆ ಬೀಳಬೇಕು ಎಂದು ನಿಯಮ ಮಾಡಿದೆವು. ಪಾಲಿಸಿದ್ದಾರೋ ಎಂದು ತಿಳಿಯುವ ಉಪಾಯವೂ ಇದೆ, ಅದು ನಮ್ಮಲ್ಲೇ ಇರಲಿ. ಆಷಾಢದಲ್ಲಿ ಹುಣಸೆ ಬೀಜಕ್ಕೆ ಹುಳ ಬಿದ್ದು ಎಣಿಕೆ ತಪ್ಪಿತು. ಈಗ ಮಂಜೊಟ್ಟಿ ಮರದ ಗಟ್ಟಿ ಕೆಂಪು ಕಾಳು ಬಳಸುತ್ತೇವೆ.